‘ಕೋಂ’ ಎಂಬ ಒಂದು ಅಕ್ಷರ: ಮೇಷ್ಟ್ರ ಹೆಂಡತಿಯನ್ನು ಹುಡುಕಿದ ಪ್ರಕರಣ

ಹಿನ್ನೆಲೆ

ಹಳೇ ಕೋಲಾರ ಜಿಲ್ಲೆಯ ಒಂದು ಸಣ್ಣ ಪೇಟೆ. 2007ರಲ್ಲಿ ಜಿಲ್ಲೆ ಎರಡಾದಾಗ ಆ ಪೇಟೆ ಚಿಕ್ಕಬಳ್ಳಾಪುರದ ಪಾಲಿಗೆ ಬಂತು. ಊರಿನ ಹೆಸರು ಇಲ್ಲಿ ಹೇಳುವುದಿಲ್ಲ, ಜನರ ಹೆಸರೂ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನೂರು ವರ್ಷದ ಹಿಂದೆ ಆ ಪೇಟೆಯಲ್ಲಿ ಒಬ್ಬ ಶಾಲಾ ಮೇಷ್ಟ್ರು ಇದ್ದರು. ಸಂಬಳದ ಕೆಲಸ ಹಗಲಿಗೆ. ರಾತ್ರಿ ಕೂಲಿ ಜನರಿಗೆ ಲಾಂದ್ರದ ಬೆಳಕಲ್ಲಿ ಅಕ್ಷರ ಕಲಿಸುತ್ತಿದ್ದರು. ಊರಿಗೊಂದು ವಾಚನಾಲಯ ಕಟ್ಟಿಸಿದರು. ಆಮೇಲೆ ನೌಕರಿ ಬಿಟ್ಟು ಖಾದಿ ತೊಟ್ಟರು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದಾಗ, ಸತ್ತವರ ಮನೆಗಳಿಗೆ ಅಕ್ಕಿ, ರಾಗಿ ಕೂಡಿಸಿ ಕಳಿಸಿದವರಲ್ಲಿ ಇವರೂ ಒಬ್ಬರು ಎಂದು ಊರಿನ ಹಿರಿಯರು ಈಗಲೂ ಹೇಳುತ್ತಾರೆ. ಪೇಟೆಯ ಒಂದು ಬೀದಿಗೆ ಅವರ ಹೆಸರಿದೆ.

ವಾಚನಾಲಯಕ್ಕೆ ನೂರು ತುಂಬುವ ಹೊತ್ತಿಗೆ ಒಂದು ಸ್ಮರಣ ಸಂಚಿಕೆ ತರಬೇಕು ಅಂತ ಅಲ್ಲಿಯ ಸಮಿತಿಯವರು ನಿರ್ಧರಿಸಿದರು. ನಾನು ತುಮಕೂರಿನವಳು. ಹಳೇ ಮನೆತನಗಳ, ಸಂಸ್ಥೆಗಳ ಕಾಗದಪತ್ರ ಜೋಡಿಸಿ ಪಟ್ಟಿ ಮಾಡಿಕೊಡುವುದು ನನ್ನ ಕೆಲಸ. ಮೇಷ್ಟ್ರಿಗೆ ಮಕ್ಕಳು ಉಳಿದಿರಲಿಲ್ಲ. ಅವರ ತಮ್ಮನ ಮೊಮ್ಮಗನ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದನ್ನು ನನ್ನ ಮುಂದೆ ಇಳಿಸಿದರು. ಇನ್ನೂರಕ್ಕೂ ಜಾಸ್ತಿ ಕಾರ್ಡು, ಕಾಗದ. ವಾಚನಾಲಯದ ಒಂದು ಜಮಾ ಖರ್ಚಿನ ಪುಸ್ತಕ. ನಾಲ್ಕೈದು ಹಳೇ ಪಂಚಾಂಗ. ರಟ್ಟಿಗೆ ಅಂಟಿಸಿದ, ಮನೆಯ ಶ್ರಾದ್ಧಗಳ ತಿಥಿ ಪಟ್ಟಿ.

ಮೇಷ್ಟ್ರ ಬಗ್ಗೆ ಊರಲ್ಲಿ ಮೊದಲೇ ಟೈಪು ಮಾಡಿಟ್ಟಿದ್ದ ನಾಲ್ಕು ಪುಟದ ಜೀವನ ಚರಿತ್ರೆ ಇತ್ತು. ಅದರಲ್ಲಿ ಹೆಂಡತಿಗೆ ಸಿಕ್ಕಿದ್ದು ಒಂದೇ ಸಾಲು: 1918ರ ಇನ್‌ಫ್ಲುಯೆಂಜಾದಲ್ಲಿ ಪತ್ನಿ ತೀರಿಕೊಂಡರು, ಆಮೇಲೆ ಇವರು ಒಂಟಿಯಾಗಿ ಸಮಾಜಕ್ಕೆ ಜೀವನ ಮುಡಿಪಿಟ್ಟರು. ಹೆಸರಿಲ್ಲ. ಊರಿಲ್ಲ. ಯಾರ ಮಗಳು ಅನ್ನುವುದೂ ಇಲ್ಲ.

ಸಮಿತಿಯವರು ಕೇಳಿದ್ದು ಸಣ್ಣ ವಿಷಯ. ‘ಮೇಡಂ, ಅಮ್ಮನವರ ಹೆಸರೊಂದು ಸಿಕ್ಕಿದರೆ ಸಾಕು, ಹಾಕಿಬಿಡೋಣ’ ಅಂದರು. ವಾರದಲ್ಲಿ ಸಿಗುತ್ತದೆ ಅಂದುಕೊಂಡಿದ್ದೆ. ಒಂದು ವರ್ಷದ ಮೇಲೆ ಎರಡು ತಿಂಗಳು ಹಿಡಿಯಿತು.

ಸಮಸ್ಯೆ ಎಲ್ಲಿತ್ತು

ಆ ಕಾಲದ ಕಾಗದ ಓದಿದವರಿಗೆ ಗೊತ್ತಿರುತ್ತದೆ. ಗಂಡ ಹೆಂಡತಿಯ ಹೆಸರು ಹೇಳುವುದಿಲ್ಲ, ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬರವಣಿಗೆಯಲ್ಲೂ ಹಾಗೇ. ಮೇಷ್ಟ್ರು ತಮ್ಮನಿಗೆ, ಗೆಳೆಯರಿಗೆ ಬರೆದ ಕಾರ್ಡುಗಳಲ್ಲಿ ‘ಉಭಯ ಕುಶಲೋಪರಿ’ ಆದ ಮೇಲೆ ‘ಮನೆಯಲ್ಲಿ ಕ್ಷೇಮ’ ಅಂತ ಇರುತ್ತದೆ. ಈ ‘ಮನೆಯಲ್ಲಿ’ ಅಂದರೆ ಹೆಂಡತಿ. ಕೆಲವು ಕಡೆ ‘ಮಗುವಿನ ತಾಯಿ’. ಒಂದು ಕಡೆ ಬರೀ ‘ಅವಳು’. ಇಡೀ ಟ್ರಂಕಿನಲ್ಲಿ ಅವರ ಕೈಯಲ್ಲಿ ಹೆಂಡತಿಯ ಹೆಸರು ಒಂದು ಸಲವೂ ಬಂದಿಲ್ಲ.

ಎರಡನೆಯದು ತಾರೀಖು. ಮುಕ್ಕಾಲು ಪಾಲು ಕಾಗದಗಳಲ್ಲಿ ಇಸವಿ ಇಲ್ಲ, ಸಂವತ್ಸರ ಇದೆ. ಸಂವತ್ಸರದ ಚಕ್ರ ಅರವತ್ತು ವರ್ಷದ್ದು, ಹಾಗಾಗಿ ಒಬ್ಬ ಮನುಷ್ಯನ ಜೀವನದಲ್ಲಿ ಗೊಂದಲ ಕಡಿಮೆ. ಆದರೆ ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗೆ ಅಲ್ಲ. ಪುಷ್ಯ, ಮಾಘ, ಫಾಲ್ಗುಣದ ಕಾಗದಗಳನ್ನು ಲೆಕ್ಕ ಹಾಕುವಾಗ ಒಂದು ವರ್ಷ ಆಚೀಚೆ ಆಗುವುದು ಸುಲಭ.

ಮೂರನೆಯದು ಒಂದು ಸಣ್ಣ ಕಟ್ಟು. ಸೆಣಬಿನ ದಾರ ಸುತ್ತಿದ ಹತ್ತೊಂಬತ್ತು ಹಾಳೆ. ಪೆನ್ಸಿಲಿನ ಬರಹ. ಅಕ್ಷರ ಕನ್ನಡದ್ದೇ, ಆದರೆ ಪದದಿಂದ ಪದಕ್ಕೆ ಜಾಗ ಬಿಟ್ಟಿಲ್ಲ, ಒತ್ತಕ್ಷರ ಎಲ್ಲೆಂದರಲ್ಲಿ ಬಿಟ್ಟುಹೋಗಿವೆ. ಅರ್ಧ ಗಂಟೆ ನೋಡಿದೆ. ಒಂದು ವಾಕ್ಯವೂ ಕೂಡಿಬರಲಿಲ್ಲ. ಪಟ್ಟಿಯಲ್ಲಿ ‘19 ಹಾಳೆ, ಓದಲಾಗದ ಕೈಬರಹ’ ಅಂತ ಬರೆದು ಪಕ್ಕಕ್ಕಿಟ್ಟೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಮೊದಲ ಪ್ರಯತ್ನ: ಅಜ್ಜಿಯ ನೆನಪು

ಟ್ರಂಕು ಇದ್ದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಆ ಮನೆಗೆ ಸೊಸೆಯಾಗಿ ಬಂದವರು, ಮೇಷ್ಟ್ರ ತಮ್ಮನ ಮಗನ ಹೆಂಡತಿ. ನೆನಪು ಚೆನ್ನಾಗಿದೆ.

‘ಅಜ್ಜಿ, ಮೇಷ್ಟ್ರ ಹೆಂಡತಿ ಹೆಸರು ನೆನಪಿದೆಯಾ?’ ಅಂದೆ.

‘ನೆನಪಿಲ್ದೆ ಏನಮ್ಮಾ? ನಮ್ಮೆಜಮಾನ್ರು ಯಾವಾಗಲೂ ಹೇಳೋರು. ದೊಡ್ಡಮ್ಮ ಆ ಜ್ವರದಲ್ಲೇ ಹೋದ್ರು, ದೀಪಾವಳಿಗೆ ನಾಕು ದಿನ ಇತ್ತು ಅಂತ.’ ಹೆಸರನ್ನೂ ಹೇಳಿದರು. ‘ಸ’ ಅಕ್ಷರದಿಂದ ಶುರುವಾಗುವ ಹೆಸರು.

ತಿಥಿ ಪಟ್ಟಿಯಲ್ಲೂ ಆ ಹೆಸರು ಇತ್ತು. ಕಾಳಯುಕ್ತಿ ಸಂವತ್ಸರ, ಆಶ್ವಯುಜ ಬಹುಳ ಏಕಾದಶಿ. ಕಾಳಯುಕ್ತಿ ಅಂದರೆ 1918-19. ತಿಥಿ ಲೆಕ್ಕ ಹಾಕಿದರೆ 1918ರ ಅಕ್ಟೋಬರ್ ಕೊನೆಗೆ ಬೀಳುತ್ತದೆ. ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನದಲ್ಲಿ ಜೋರಾಗಿದ್ದ ದಿನಗಳೇ ಅವು. ಅಜ್ಜಿಯ ಮಾತು, ತಿಥಿ, ಟೈಪು ಮಾಡಿದ ಸಾಲು, ಮೂರೂ ಒಂದಕ್ಕೊಂದು ಕೂಡಿತು. ನಾನು ಸಂಚಿಕೆಗೆ ಒಂದು ಪುಟ ಬರೆದು ಕೊಟ್ಟುಬಿಟ್ಟೆ. ಸಮಿತಿಯವರು ಡಿಟಿಪಿಗೂ ಕಳಿಸಿದರು.

ಮೂರು ಸಾಕ್ಷಿ ಕೂಡಿತು ಅಂದುಕೊಂಡೆನಲ್ಲ, ಅವು ನಿಜಕ್ಕೂ ಮೂರು ಅಲ್ಲ. ಟೈಪು ಮಾಡಿದವರು ಆ ಮನೆಯವರ ಬಾಯಿಂದಲೇ ಕೇಳಿ ಬರೆದಿದ್ದರು. ಅಜ್ಜಿ ಕೇಳಿದ್ದೂ ಅದೇ ಮನೆಯ ಮಾತು. ತಿಥಿ ಪಟ್ಟಿಯಲ್ಲಿ ಹೆಸರು ಇತ್ತೇ ಹೊರತು ಯಾರ ಹೆಂಡತಿ ಅಂತ ಬರೆದಿರಲಿಲ್ಲ. ಒಂದೇ ಬಾವಿಯ ನೀರನ್ನು ಮೂರು ಕೊಡದಲ್ಲಿ ನೋಡಿದ್ದೆ.

ಒಂದು ಅರ್ಧಾಣೆ ಕಾರ್ಡು

ಪುಟ ಕೊಟ್ಟ ಮೇಲೂ ಪಟ್ಟಿ ಮಾಡುವ ಕೆಲಸ ನಡೆದಿತ್ತು. ಒಂದು ಕಾರ್ಡು ಕೈಗೆ ಬಂತು. ಮೇಷ್ಟ್ರು ತಮ್ಮನಿಗೆ ಬರೆದದ್ದು. ದುಂದುಭಿ ಸಂವತ್ಸರ, ಮಾಘ ಮಾಸ. ಬೌರಿಂಗ್‌ಪೇಟೆಗೆ, ಅಂದರೆ ಈಗಿನ ಬಂಗಾರಪೇಟೆಗೆ, ಗಾಡಿ ಕಳಿಸು ಅನ್ನುವ ವಿಷಯ. ಕೊನೆಯಲ್ಲಿ: ‘ಮನೆಯಲ್ಲಿ ಕಣ್ಣುಬೇನೆ ವಾಸಿಯಾಗಿದೆ. ಒಲೆಯ ಮುಂದೆ ಕೂರಬೇಡವೆಂದರೆ ಕೇಳುವುದಿಲ್ಲ.’

ದುಂದುಭಿ ಅಂದರೆ 1922-23. ಮಾಘ ಅಂದರೆ 1923ರ ಜನವರಿ ಅಥವಾ ಫೆಬ್ರವರಿ. 1918ರಲ್ಲಿ ಹೋದವರಿಗೆ 1923ರಲ್ಲಿ ಕಣ್ಣುಬೇನೆ ಹೇಗೆ ಬಂತು?

ಸಂವತ್ಸರ ಬರೆಯುವುದರಲ್ಲಿ ಮೇಷ್ಟ್ರೇ ತಪ್ಪಿರಬಹುದಾ ಅಂತ ಕಾರ್ಡು ತಿರುಗಿಸಿ ನೋಡಿದೆ. ಅಂಚೆ ಮುದ್ರೆ ಮಸಿಯಾಗಿ ಹೋಗಿತ್ತು. ಆದರೆ ಕಾರ್ಡಿನ ಮೇಲೇ ಅಚ್ಚಾದ ಬೆಲೆ ಸ್ಪಷ್ಟವಾಗಿತ್ತು: ಅರ್ಧಾಣೆ. ಅದಕ್ಕೆ ಮೊದಲು ಕಾರ್ಡಿಗೆ ಕಾಲಾಣೆ. ಬೆಲೆ ಅರ್ಧಾಣೆಗೆ ಏರಿದ್ದು 1922ರಲ್ಲಿ. ಅಲ್ಲಿಗೆ 1918ಕ್ಕೆ ಮೊದಲಿನ ಕಾರ್ಡು ಅನ್ನುವ ಮಾತೇ ಇಲ್ಲ.

ಆ ರಾತ್ರಿಯೇ ಸಮಿತಿಯ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ‘ಸರ್, ಆ ಪುಟ ನಿಲ್ಲಿಸಿ. ಅಚ್ಚಿಗೆ ಹೋಗಬಾರದು’ ಅಂದೆ. ಅವರಿಗೆ ಬೇಜಾರಾಯಿತು, ಆಗುವುದು ಸಹಜವೇ. ಆದರೂ ನಿಲ್ಲಿಸಿದರು. ಈ ಪ್ರಕರಣದಲ್ಲಿ ಸರಿಯಾಗಿ ತೆಗೆದುಕೊಂಡ ಮೊದಲ ನಿರ್ಧಾರ ಅದು ಅಂತ ನನಗೆ ಅನಿಸುತ್ತದೆ.

ಎರಡನೇ ಪ್ರಯತ್ನ: ಎರಡನೇ ಮದುವೆ ಇರಬಹುದಾ?

ಮೊದಲ ಹೆಂಡತಿ ತೀರಿಕೊಂಡು ಮೇಷ್ಟ್ರು ಮತ್ತೆ ಮದುವೆ ಆಗಿರಬಹುದು ಅಂತ ಎಲ್ಲರೂ ಹೇಳಿದರು. ನನಗೂ ಹಾಗೇ ಅನಿಸಿತು. ಲಗ್ನಪತ್ರಿಕೆ ಹುಡುಕಿದೆ, ಸಿಗಲಿಲ್ಲ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ ವಿದ್ಯಾ ಇಲಾಖೆಯ ಹಳೇ ಕಡತ ನೋಡಿದೆ. ಮೇಷ್ಟ್ರ ವರ್ಗಾವಣೆ, ರಜೆ, ಒಂದು ಸಲ ದಂಡ ಕಟ್ಟಿದ್ದು, ಎಲ್ಲಾ ಇದೆ. ಹೆಂಡತಿಯ ಸುದ್ದಿ ಇಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆ, ಪೋಷಕರ ಹೆಸರು ಇರುತ್ತದೆ, ತಾಯಿಯದು ಇರಲಿಲ್ಲ. ಜನಗಣತಿಯಲ್ಲಿ ಮನೆಮನೆಯ ಹೆಸರಿನ ಹಾಳೆಗಳು ಉಳಿದಿಲ್ಲ, ಉಳಿದಿರುವುದು ಒಟ್ಟು ಲೆಕ್ಕ ಮಾತ್ರ.

ಇದರಲ್ಲೇ ಮೂರು ತಿಂಗಳು ಹೋಯಿತು. ಸರ್ಕಾರಿ ಕಾಗದ ಗಂಡಸಿನ ಹಿಂದೆ ಹೋಗುತ್ತದೆ. ನೌಕರಿ, ಸಂಬಳ, ಶಿಕ್ಷೆ ಇದ್ದ ಕಡೆ ಕಡತ ಹುಟ್ಟುತ್ತದೆ. ಆ ಕಾಲದ ಹೆಂಗಸು ಕಾಗದದಲ್ಲಿ ಎಲ್ಲಿ ಸಿಗುತ್ತಾಳೆ ಅಂತ ಮೊದಲೇ ಕೂತು ಯೋಚಿಸಿದ್ದರೆ ಆ ಮೂರು ತಿಂಗಳು ಉಳಿಯುತ್ತಿತ್ತು.

ತಿರುವು: ಕಿವಿಯಿಂದ ಓದಿದ ಕಾಗದ

ಕೋಲಾರದಲ್ಲಿ ನನ್ನ ಗೆಳತಿಯ ಮನೆಯಲ್ಲಿ ಉಳಿದುಕೊಂಡಿದ್ದೆ. ಒಂದು ಸಂಜೆ ಆ ಹತ್ತೊಂಬತ್ತು ಹಾಳೆಯ ಕಟ್ಟು ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದ್ದೆ. ಗೆಳತಿಯ ತಾಯಿ ಅವರೆಕಾಳು ಸುಲಿಯುತ್ತಾ ಪಕ್ಕದಲ್ಲಿ ಕೂತಿದ್ದರು. ಕೈ ಒರೆಸಿಕೊಂಡು ಒಂದು ಹಾಳೆ ಎತ್ತಿಕೊಂಡರು. ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರ ಜೋರಾಗಿ ಓದಿದರು.

‘ಬಿಡ್ಡಕು... ಜ್ವರಂ... ತಗ್ಗಿಂದಿ.’

ಒಂದು ಕ್ಷಣ ಸುಮ್ಮನಾದರು. ಆಮೇಲೆ ನನ್ನ ಕಡೆ ತಿರುಗಿ, ‘ಇದೇನಮ್ಮಾ ಓದಕ್ಕಾಗಲ್ಲ ಅಂತೀಯ? ನಮ್ಮನೆ ಮಾತೇ ಅಲ್ವಾ ಇದು!’ ಅಂದರು.

ಮಗುವಿಗೆ ಜ್ವರ ಇಳಿದಿದೆ. ಭಾಷೆ ತೆಲುಗು, ಅಕ್ಷರ ಕನ್ನಡ.

ಆ ಸೀಮೆಯವರಿಗೆ ಇದು ಆಶ್ಚರ್ಯವೇ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಬರಹ ಕನ್ನಡ. ಕೈವಾರದ ತಾತಯ್ಯನವರ ಕೀರ್ತನೆಗಳು ಎರಡೂ ಭಾಷೆಯಲ್ಲಿ ಇವೆ, ಜನ ಎರಡನ್ನೂ ಒಂದೇ ಬಾಯಲ್ಲಿ ಹಾಡುತ್ತಾರೆ. ನನಗೆ ತೆಲುಗು ಬರುವುದಿಲ್ಲ. ಹಾಗಾಗಿ ನನ್ನ ಕಣ್ಣಿಗೆ ಅದು ಕೆಟ್ಟ ಕನ್ನಡವಾಗಿ ಕಂಡಿತು. ಕಾಗದದಲ್ಲಿ ತಪ್ಪಿರಲಿಲ್ಲ. ಓದಲು ಕೂತವಳು ತಪ್ಪು ಆಳು.

ಮುಂದಿನ ಎಂಟು ಸಂಜೆ ಅಮ್ಮ ಓದಿದರು, ನಾನು ಬರೆದುಕೊಂಡೆ. ಎಲ್ಲವೂ ಮೇಷ್ಟ್ರಿಗೆ ಅವರ ಹೆಂಡತಿ ತವರಿನಿಂದ ಬರೆದ ಕಾಗದಗಳು. ಅಂಚೆಗೆ ಹಾಕಿದ್ದಲ್ಲ, ಹೋಗಿಬರುವವರ ಕೈಲಿ ಕೊಟ್ಟಿದ್ದು. ಮಗುವಿನ ಆರೋಗ್ಯ, ರಾಗಿ ಎಷ್ಟು ಬಂತು, ಯಾವಾಗ ಬರುತ್ತೀರಿ, ಇಂಥವೇ. ಕೊನೆಯಲ್ಲಿ ರುಜು ಇರುವ ಕಡೆ ‘ಇಟ್ಲು, ಬಿಡ್ಡ ತಲ್ಲಿ’ ಅಂತ ಇದೆ. ಇಂತಿ, ಮಗುವಿನ ತಾಯಿ. ಹತ್ತೊಂಬತ್ತರಲ್ಲೂ ಅಷ್ಟೇ. ಅವರ ಸ್ವಂತ ಕಾಗದದಲ್ಲೂ ಅವರ ಹೆಸರಿಲ್ಲ.

ಆದರೆ ಹೆಸರಿಗಿಂತ ಉಪಯೋಗದ್ದು ಒಂದು ಸಿಕ್ಕಿತು. ಒಂದು ಕಾಗದದಲ್ಲಿ ಆಕೆಯ ತಮ್ಮನ ಮೇಲೆ ದೂರು ಇದೆ. ‘ಪಸುಪು ಕುಂಕುಮ ಚೇನು’ ಅಂದರೆ ಅರಿಶಿನ ಕುಂಕುಮಕ್ಕೆ ಅಂತ ಅಪ್ಪ ಕೊಟ್ಟ ಹೊಲ, ಅದರ ಅಂಚನ್ನು ತಮ್ಮ ಒತ್ತುತ್ತಿದ್ದಾನೆ. ಹೊಲದ ಗುರುತನ್ನು ಆಕೆ ಬರೆದಿದ್ದಾರೆ: ‘ತೂರ್ಪುಕು ಕಾಲುವ, ಪಡಮರಕು ಚಿಂತಮಾನು.’ ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಹುಣಸೆಮರ. ಉತ್ತರಕ್ಕೆ ಒಂದು ಊರಿನ ಎಲ್ಲೆ, ದಕ್ಷಿಣಕ್ಕೆ ಇಂಥವರ ಹೊಲ.

ಇದನ್ನು ಕೇಳುತ್ತಿದ್ದ ಹಾಗೇ ನನಗೆ ಹೊಳೆಯಿತು. ಇದು ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕೂ ದಿಕ್ಕಿನ ಗಡಿ ಗುರುತು. ಜಮೀನು ಇದ್ದ ಕಡೆ ನೋಂದಣಿ ಪತ್ರ ಇರುತ್ತದೆ.

ನೋಂದಣಿ ಕಚೇರಿಯ ದಾರಿ

ಇಲ್ಲಿ ಸ್ವಲ್ಪ ವಿವರ ಹೇಳಬೇಕು, ಬೇರೆಯವರಿಗೆ ಕೆಲಸಕ್ಕೆ ಬರುವ ಜಾಗ ಇದು.

ನಮ್ಮ ಕಡೆಯ ಹಳೇ ದಸ್ತಾವೇಜಿನಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಅಂತ ಬರೆದು ತಂದೆಯ ಹೆಸರು ಬರೆಯುತ್ತಾರೆ. ಮದುವೆಯಾದ ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಅಂತ ಬರೆದು ಗಂಡನ ಹೆಸರು. ಗಂಡ ಸತ್ತಿದ್ದರೆ ‘ಕೋಂ ಲೇಟ್’. ಮನೆಯಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳದೇ ಇರಬಹುದು. ಪತ್ರ ಬರೆಯುವವನಿಗೆ ಆ ಸಂಕೋಚ ಇಲ್ಲ. ಎರಡೂ ಹೆಸರನ್ನು ಒಂದೇ ಸಾಲಿನಲ್ಲಿ ಕೂರಿಸಲೇಬೇಕು.

ಸ್ಥಿರಾಸ್ತಿಯ ಪತ್ರಗಳು ಉಪನೋಂದಣಿ ಕಚೇರಿಯ ಒಂದನೇ ಪುಸ್ತಕದಲ್ಲಿ ನಕಲಾಗಿರುತ್ತವೆ. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನೂ ಅದರ ಸೂಚಿಯನ್ನೂ ನೋಡಬಹುದು, ನಕಲು ಪಡೆಯಬಹುದು. ಮನೆಯವರೇ ಆಗಬೇಕಿಲ್ಲ. ಸೂಚಿ ಎರಡು ಥರ. ಒಂದನೇ ಇಂಡೆಕ್ಸ್ ಹೆಸರಿನ ಮೇಲೆ. ಎರಡನೇ ಇಂಡೆಕ್ಸ್ ಆಸ್ತಿಯ ಮೇಲೆ, ಅಂದರೆ ಊರಿನ ಮೇಲೆ. ಹೆಸರೇ ಗೊತ್ತಿಲ್ಲದ ನನಗೆ ಎರಡನೆಯದೇ ಗತಿ.

ಕಚೇರಿ ಎದುರಿನ ಹಳೇ ಪತ್ರ ಬರಹಗಾರರೊಬ್ಬರು ನನ್ನ ಕಥೆ ಪೂರ್ತಿ ಕೇಳಿದರು. ‘ಮೇಡಂ, ಹೆಸರು ಗೊತ್ತಿಲ್ದಿದ್ರೆ ಊರು ಹೇಳಿ. ಊರೂ ಗೊತ್ತಿಲ್ದಿದ್ರೆ ಮೊದಲು ಊರು ಹುಡುಕ್ಕೊಂಡು ಬನ್ನಿ’ ಅಂದರು. ಇನ್ನೂ ಒಂದು ಮಾತು ಹೇಳಿದರು, ಅದೇ ದೊಡ್ಡ ಉಪಕಾರವಾಯಿತು. ‘ಗಂಡನ ಊರಿನ ಕಚೇರಿಗೆ ಬಂದಿದ್ದೀರಿ. ಹೊಲ ಇರೋದು ತವರಲ್ಲಿ. ಹೊಲ ಎಲ್ಲಿದೆಯೋ ಪತ್ರ ಅಲ್ಲೇ.’

ಊರು ಹುಡುಕಿದ್ದು ನಕಾಶೆಯಿಂದ. ಆಕೆಯ ಕಾಗದಗಳಲ್ಲಿ ಪಕ್ಕದ ಎರಡು ಹಳ್ಳಿಗಳ ಹೆಸರು ಬರುತ್ತವೆ. ಒಂದು ಉತ್ತರದ ಎಲ್ಲೆಗೆ, ಇನ್ನೊಂದು ಕೆರೆ ಕೋಡಿ ಬಿದ್ದ ಸುದ್ದಿಗೆ. ಕಂದಾಯದ ಗ್ರಾಮ ನಕಾಶೆಯಲ್ಲಿ ಪ್ರತಿ ಊರಿನ ಸುತ್ತ ಯಾವ ಯಾವ ಊರಿನ ಗಡಿ ಬರುತ್ತದೆ ಅಂತ ಗುರುತು ಮಾಡಿರುತ್ತಾರೆ. ಎರಡೂ ಹಳ್ಳಿಗೆ ಅಂಟಿಕೊಂಡಿದ್ದ ಊರು ಒಂದೇ ಒಂದು. ಅದು ಈಗ ಕೋಲಾರ ಜಿಲ್ಲೆಯಲ್ಲಿದೆ. ಗಂಡನ ಪೇಟೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಈಗಿನ ಜಿಲ್ಲೆ ನೋಡಿಕೊಂಡು ಹುಡುಕಿದ್ದರೆ ಆ ಕಡೆ ನಾನು ಹೋಗುತ್ತಲೇ ಇರಲಿಲ್ಲ.

ಆ ಊರಿನ ಎರಡನೇ ಇಂಡೆಕ್ಸಿನಲ್ಲಿ ನಾಲ್ಕು ವರ್ಷದ ಸಾಲುಗಳನ್ನು ನೋಡಿದೆವು. ಹೆಂಗಸು ಮಾರಿದ ಜಮೀನು ಮೂರು. ಮೂರನೆಯ ಸಾಲಿನಲ್ಲಿ ಒಂದು ಹೆಸರು, ಆಮೇಲೆ ‘ಕೋಂ’, ಆಮೇಲೆ ಮೇಷ್ಟ್ರ ಹೆಸರು.

ಆಕೆಯ ಹೆಸರು ‘ಸ’ ಅಕ್ಷರದ್ದಲ್ಲ. ‘ಗ’ ಅಕ್ಷರದ್ದು.

ನಕಲು ತೆಗೆಸಿದೆವು. 1927ರ ಫೆಬ್ರವರಿಯ ಕ್ರಯಪತ್ರ. ಹೊಲ ತನಗೆ ಹೇಗೆ ಬಂತು ಅಂತ ಆಕೆಯ ಕಡೆಯಿಂದ ಪತ್ರದಲ್ಲಿ ಬರೆದಿದೆ: ಸೌಮ್ಯ ಸಂವತ್ಸರದಲ್ಲಿ, ಮದುವೆ ಕಾಲದಲ್ಲಿ, ತಂದೆ ಅರಿಶಿನ ಕುಂಕುಮಕ್ಕಾಗಿ ಕೊಟ್ಟದ್ದು. ಸೌಮ್ಯ ಅಂದರೆ 1909-10. ಅಂದರೆ 1909-10ರಲ್ಲಿ ಮದುವೆಯಾದ ಹೆಂಡತಿಯೇ 1927ರಲ್ಲೂ ಇದ್ದರು. ಎರಡನೇ ಮದುವೆಯ ಊಹೆ ಅಲ್ಲಿಗೆ ಬಿತ್ತು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ಅದೇ ಊರಿನ ಎಲ್ಲೆ. ದಕ್ಷಿಣದಲ್ಲಿ ಮಾತ್ರ ಹೆಸರು ಬೇರೆ. ಆಕೆ ಕಾಗದದಲ್ಲಿ ಬರೆದಿದ್ದ ಪಕ್ಕದ ಹೊಲದವರ ಮಗನ ಹೆಸರು ಅಲ್ಲಿತ್ತು, ‘ಬಿನ್’ ಹಾಕಿ ಅಪ್ಪನ ಹೆಸರಿನೊಂದಿಗೆ.

ಒಂದು ಎಚ್ಚರಿಕೆ. ಕಚೇರಿಯ ಪುಸ್ತಕದಲ್ಲಿ ಇರುವುದು ಗುಮಾಸ್ತರ ಕೈಬರಹದ ನಕಲು. ರುಜು ಕೂಡ ಗುಮಾಸ್ತರ ಅಕ್ಷರದಲ್ಲೇ ಇರುತ್ತದೆ. ಅದನ್ನು ಮನೆಯ ಕಾಗದದ ಅಕ್ಷರದ ಪಕ್ಕ ಇಟ್ಟು ಹೋಲಿಸಲು ಹೋಗಬೇಡಿ. ನಾನು ಅರ್ಧ ದಿನ ಅದನ್ನೇ ಮಾಡಿದ್ದೆ.

ಹಾಗಾದರೆ 1918ರಲ್ಲಿ ಹೋದವರು ಯಾರು?

ಮತ್ತೆ ಅಜ್ಜಿಯ ಹತ್ತಿರ ಹೋದೆ. ಈ ಸಲ ಹೆಸರು ಕೇಳಲಿಲ್ಲ. ‘ಅಜ್ಜಿ, ನಿಮ್ಮ ಯಜಮಾನರಿಗೆ ದೊಡ್ಡಪ್ಪಂದಿರು ಎಷ್ಟು ಜನ?’ ಅಂದೆ.

‘ಇಬ್ರು. ಒಬ್ರು ಮೇಷ್ಟ್ರು. ಇನ್ನೊಬ್ರು ಎಲ್ಲರಿಗಿಂತ ದೊಡ್ಡೋರು, ಊರಲ್ಲೇ ಬೇಸಾಯ.’

ಹಾಗಾದರೆ ದೊಡ್ಡಮ್ಮಂದಿರೂ ಇಬ್ಬರು. ಜ್ವರದಲ್ಲಿ ಹೋದ ‘ದೊಡ್ಡಮ್ಮ’ ಹಿರಿಯಣ್ಣನ ಹೆಂಡತಿ, ಮೇಷ್ಟ್ರಿಗೆ ಅತ್ತಿಗೆ. ಅಜ್ಜಿಯ ಯಜಮಾನರು ಸುಳ್ಳು ಹೇಳಿರಲಿಲ್ಲ, ಅಜ್ಜಿಯೂ ತಪ್ಪು ನೆನಪಿಟ್ಟುಕೊಂಡಿರಲಿಲ್ಲ. ಆ ಮನೆಯಲ್ಲಿ ಹೆಸರಾದವರು ಮೇಷ್ಟ್ರು ಒಬ್ಬರೇ. ಹಾಗಾಗಿ ‘ದೊಡ್ಡಮ್ಮ’ ಅಂದ ಕೂಡಲೇ ಎಲ್ಲರೂ ಮೇಷ್ಟ್ರ ಹೆಂಡತಿ ಅಂದುಕೊಂಡರು. ಅಜ್ಜಿ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಾಗಾದ್ರೆ ಆ ತಾಯಿಗೆ ಇಷ್ಟು ವರ್ಷ ಯಾರೂ ಎಡೆ ಇಟ್ಟಿಲ್ವಾ?’ ಅಂದರು. ಅವರ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಸಂಬಂಧದ ಪದವನ್ನು ನಂಬುವ ಮೊದಲು ಅದನ್ನು ಹೇಳಿದವರು ಯಾರ ಮಗ, ಯಾರ ಸೊಸೆ ಅಂತ ಬರೆದುಕೊಳ್ಳಬೇಕು. ನಾನೀಗ ಪ್ರತಿ ಮನೆಯಲ್ಲೂ ಮೊದಲು ವಂಶದ ಚಿತ್ರ ಬರೆದು, ಆಮೇಲೆ ಹೆಸರು ಕೇಳುತ್ತೇನೆ.

ಮುನ್ನೂರ ಐವತ್ತು ರೂಪಾಯಿ

ಕ್ರಯಪತ್ರದ ಮೊಬಲಗು 350 ರೂಪಾಯಿ. ಕಾರಣದ ಜಾಗದಲ್ಲಿ ಎಲ್ಲಾ ಪತ್ರಗಳಲ್ಲಿ ಇರುವ ಮಾತೇ ಇದೆ, ‘ಸಂಸಾರದ ಜರೂರಿಗೋಸ್ಕರ’. ಆ ಅಂಕಿಯನ್ನು ಎಲ್ಲೋ ನೋಡಿದ್ದೆ ಅನಿಸಿತು. ವಾಚನಾಲಯದ ಜಮಾ ಖರ್ಚಿನ ಪುಸ್ತಕ ತೆಗೆದೆ. ಪತ್ರವಾದ ಹನ್ನೊಂದನೇ ದಿನ ಜಮಾ ಕಡೆ ಒಂದು ಸಾಲು: ‘ಮೇಷ್ಟ್ರ ಬಾಬ್ತು 350-0-0’. ಅದರ ಕೆಳಗೆ ಖರ್ಚು. ತೊಲೆ, ಹೆಂಚು, ಸುಣ್ಣ, ಗಾರೆ ಕೆಲಸದವರ ಕೂಲಿ.

ನೂರು ವರ್ಷದಿಂದ ಊರು ‘ಮೇಷ್ಟ್ರು ಸ್ವಂತ ದುಡ್ಡು ಹಾಕಿ ಕಟ್ಟಿಸಿದ ವಾಚನಾಲಯ’ ಅಂತ ಹೇಳಿಕೊಂಡು ಬಂದ ಕಟ್ಟಡದ ಸೂರು ಆಕೆಯ ಹೊಲದ ದುಡ್ಡಿನದು.

ಒಂದೇ ಮೊತ್ತ, ಹತ್ತಿರದ ತಾರೀಖು ಅಂದ ಮಾತ್ರಕ್ಕೆ ಸಾಬೀತಾಗುವುದಿಲ್ಲ. ಅದು ನನಗೂ ಗೊತ್ತಿತ್ತು. ಸಾಬೀತು ಮಾಡಿದ್ದು ಆಕೆಯ ಕಾಗದವೇ. ಪ್ರಭವ ಸಂವತ್ಸರದ ಶ್ರಾವಣ, ಅಂದರೆ ಅದೇ 1927ರ ಆಗಸ್ಟ್ ಸುಮಾರಿಗೆ ಬರೆದದ್ದು. ಹೊಲ ಮಾರಿದ ದುಡ್ಡಿನ ಮಾತು ಬರುತ್ತದೆ. ‘ಅದಿ ಬದುಲು. ದಾನಂ ಕಾದು.’ ಅದು ಕೈಸಾಲ. ದಾನ ಅಲ್ಲ. ವಾಚನಾಲಯಕ್ಕೆ ಚಂದಾ ಬಂದ ಹಾಗೆ ವಾಪಸ್ಸು ಕೊಡಿ, ನನಗೂ ಒಂದು ಹಿಡಿ ನೆಲ ಬೇಕು ಅಂತ ಮುಂದೆ ಬರೆದಿದ್ದಾರೆ. ಅಮ್ಮ ಈ ಸಾಲು ಎರಡು ಸಲ ಓದಿದರು. ‘ಕಾದು’ ಅನ್ನುವ ಪದದ ಕೆಳಗೆ ಕಾಗದ ಬರೆದಾಕೆಯೇ ಪೆನ್ಸಿಲು ಒತ್ತಿ ಗೆರೆ ಎಳೆದಿದ್ದಾರೆ. ಹಾಳೆ ತಿರುಗಿಸಿದರೆ ಗೆರೆಯ ಉಬ್ಬು ಬೆರಳಿಗೆ ಸಿಗುತ್ತದೆ.

ಖರ್ಚಿನ ಕಡೆ ಹುಡುಕಿದೆ. ‘ಮನೆಗೆ ವಾಪಸ್ 25-0-0’. ಮುಂದಿನ ವರ್ಷ ‘ಮನೆಗೆ 15-0-0’. ಅಷ್ಟೇ. ನಲವತ್ತು ರೂಪಾಯಿ.

1933ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರ ಹಕ್ಕುಗಳ ಬಗ್ಗೆ ಕಾಯ್ದೆ ಬಂತು, ಅದರ ನಂತರದ ಸೂಚಿಗಳನ್ನೂ ನೋಡಿ ಅಂತ ಪತ್ರ ಬರಹಗಾರರು ಹೇಳಿದ್ದರು. ನೋಡಿದೆವು. 1936ರಲ್ಲಿ ತಮ್ಮನಿಗೆ ಬರೆದುಕೊಟ್ಟ ಒಂದು ಹಕ್ಕು ಬಿಡುಗಡೆ ಪತ್ರ ಸಿಕ್ಕಿತು. ‘ಗ...ಮ್ಮ ಕೋಂ’ ಮೇಷ್ಟ್ರು, ವಾಸ ತವರೂರು. ಇಬ್ಬರೂ ಬದುಕಿದ್ದರು, ಒಂದೇ ಊರಿನಲ್ಲಿ ಇರಲಿಲ್ಲ. ಅದರಾಚೆಗೆ ಆಕೆಯ ಕಾಗದ ಸಿಗಲಿಲ್ಲ.

ಏನು ಬರೆಯುವುದು, ಏನು ಬಿಡುವುದು

ಇಲ್ಲಿಗೆ ಹುಡುಕಾಟ ಮುಗಿದು ಕಷ್ಟದ ನಿರ್ಧಾರಗಳು ಶುರುವಾದವು.

ಹತ್ತೊಂಬತ್ತರಲ್ಲಿ ಒಂದು ಕಾಗದ ಮಗು ತೀರಿಕೊಂಡ ಮೇಲೆ ಬರೆದದ್ದು. ಮೇಷ್ಟ್ರು ಬರಲಿಲ್ಲ. ಆಕೆ ಬರೆದ ಮಾತು ಕಠಿಣವಾಗಿದೆ. ಅದನ್ನು ಅಚ್ಚು ಮಾಡಬೇಡಿ ಅಂತ ಟ್ರಂಕಿನ ಮನೆಯವರು ಕೇಳಿಕೊಂಡರು. ನಾನು ಒಪ್ಪಿದೆ. ಗಂಡನ ಮರ್ಯಾದೆ ಕಾಯಲು ಒಪ್ಪಿದ್ದಲ್ಲ. ಅದು ಆಕೆ ಒಬ್ಬರಿಗೇ ಬರೆದ ಮಾತು, ಊರಿಗೆ ಬರೆದದ್ದಲ್ಲ. ಕಾಗದ ಕಟ್ಟಿನಲ್ಲೇ ಇದೆ, ಪಟ್ಟಿಯಲ್ಲಿ ನಮೂದಾಗಿದೆ. ಯಾರೂ ಹರಿಯಬಾರದು, ಸುಡಬಾರದು ಅಂತ ಬರವಣಿಗೆಯಲ್ಲಿ ಒಪ್ಪಿಗೆ ಪಡೆದಿದ್ದೇನೆ.

ಆದರೆ ಸಾಲದ ವಿಷಯದಲ್ಲಿ ನಾನು ಒಪ್ಪಲಿಲ್ಲ. ಸಮಿತಿಯವರಿಗೆ ಹೊಸ ಸುದ್ದಿ ಕೇಳಿ ಸಂತೋಷವಾಗಿತ್ತು. ‘ತ್ಯಾಗಮಯಿ ತಾಯಿ, ವಾಚನಾಲಯದ ಮಹಾದಾನಿ’ ಅಂತ ಕಲ್ಲು ಹಾಕಿಸೋಣ ಅಂದರು. ನಾನು ಬೇಡ ಅಂದೆ.

‘ಮೇಡಂ, ನೂರು ವರ್ಷ ಆದ್ಮೇಲೆ ಸಾಲದ ಲೆಕ್ಕ ಯಾಕೆ? ದಾನಿ ಅಂದ್ರೆ ಗೌರವ ಅಲ್ವಾ?’

‘ಸರ್, ದಾನ ಅಲ್ಲ ಅಂತ ಅವರೇ ಗೆರೆ ಎಳೆದು ಬರೆದಿದ್ದಾರೆ. ಅವರ ಬಾಯಿಂದ ನಮಗೆ ಸಿಕ್ಕಿರುವ ಗಟ್ಟಿ ಮಾತು ಅದೊಂದು. ಅದನ್ನೂ ನಾವು ತಿದ್ದಿದರೆ ಇಷ್ಟು ಹುಡುಕಿದ್ದು ಯಾಕೆ?’

ಎರಡು ಸಭೆ ಆದವು. ಕೊನೆಗೆ ಕಾರ್ಯದರ್ಶಿಗಳು, ಮೊದಲು ಪುಟ ನಿಲ್ಲಿಸಿದವರೇ, ‘ಆಯ್ತು, ಅವರು ಬರೆದ ಹಾಗೇ ಹಾಕೋಣ’ ಅಂದರು. ಸಂಚಿಕೆಯಲ್ಲಿ ಆಕೆಗೆ ಆರು ಪುಟ ಬಂತು. ಹೆಸರು, ತಂದೆಯ ಹೆಸರು, ತವರೂರು, ಕ್ರಯಪತ್ರದ ನಕಲು, ಜಮಾ ಖರ್ಚಿನ ಎರಡು ಪುಟದ ಫೋಟೋ. ಸಾಲ 350, ವಾಪಸ್ಸಾದದ್ದು 40 ಅಂತ ಸಾದಾ ಅಕ್ಷರದಲ್ಲಿ ಹಾಕಿದ್ದಾರೆ. ‘ತ್ಯಾಗ’ ಅನ್ನುವ ಪದ ಎಲ್ಲೂ ಇಲ್ಲ. ಆಕೆಯ ಫೋಟೋ ಇರಲಿಲ್ಲ, ಆ ಜಾಗದಲ್ಲಿ ಪೆನ್ಸಿಲಿನ ಆ ಗೆರೆ ಇರುವ ಹಾಳೆ ಇದೆ.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅಜ್ಜಿ ನನ್ನನ್ನು ಊಟಕ್ಕೆ ಕರೆದಿದ್ದರು. ಎಡೆ ಇಡುವಾಗ ಒಂದೊಂದೇ ಹೆಸರು ಹೇಳಿ ಇಟ್ಟರು. ‘ಗ’ ಅಕ್ಷರದ ಹೆಸರು ಬಂದಾಗ ಒಂದು ಸಲ ನಿಲ್ಲಿಸಿ, ಸರಿಯಾಗಿ ಹೇಳಿದೆನಾ ಅನ್ನುವ ಹಾಗೆ ನನ್ನ ಕಡೆ ನೋಡಿದರು.

ಟ್ರಂಕು ಈಗ ವಾಚನಾಲಯದ ಬೀರುವಿನಲ್ಲಿದೆ. ಒಳಗೆ ಪಟ್ಟಿಯ ಒಂದು ಪ್ರತಿ ಇದೆ. ‘19 ಹಾಳೆ, ಓದಲಾಗದ ಕೈಬರಹ’ ಅಂತ ಇದ್ದ ಸಾಲನ್ನು ಹೊಡೆದುಹಾಕಿ, ಅದರ ಮೇಲೆ ಹೀಗೆ ಬರೆದಿದ್ದೇನೆ: ‘ಗ...ಮ್ಮನವರು ತವರಿನಿಂದ ಗಂಡನಿಗೆ ಬರೆದ 19 ಪತ್ರಗಳು. ಭಾಷೆ ತೆಲುಗು, ಲಿಪಿ ಕನ್ನಡ. ಜೋರಾಗಿ ಓದಬೇಕು.’